ಕ್ಲಬ್ಬಿನ ಮೆಂಬರ್ ಫಾರಂ ಗುಜರಿಗೆ ಹಾಕೋದಾ?

ಮಾನ್ಯ ಸಂಪಾದಕರೇ,

ಹೋದ ವರ್ಷ ಆಯುಧ ಪೂಜೆ ಹಿಂದಿನ ದಿನ ನಾನು ಮೆಂಬರ್ ಆಗಿರೋ ಕ್ಲಬ್ಬಲ್ಲಿ (ಹೆಸರು ಬೇಡ ಬಿಡಿ, ಅಲ್ಲಿರೋರೆಲ್ಲ ನಮ್ಮೋರೇ) ಬೀರು ಕ್ಲೀನ್ ಮಾಡ್ತಿದ್ರು. ಧೂಳು ಹೊಡೆದು, ಕ್ಯಾರಂ ಬೋರ್ಡ್ ಒರೆಸಿ, ಹಳೇ ಪೇಪರ್ ಎಲ್ಲಾ ಕಟ್ಟಿ ಗುಜರಿಯವನ ತಕ್ಕಡಿಗೆ ಹಾಕೋ ಹೊತ್ತಿಗೆ ನಾನು ಸುಮ್ನೆ ಒಂದು ಕಟ್ಟು ಬಿಚ್ಚಿ ನೋಡಿದ್ರೆ ಎಲ್ಲಾ ಮೆಂಬರ್‌ಶಿಪ್ ಫಾರಂಗಳು! ಫೋಟೋ, ಮನೆ ಅಡ್ರೆಸ್ಸು, ಹುಟ್ಟಿದ ತಾರೀಖು, ಹೆಂಡ್ತಿ ಮಕ್ಕಳ ಹೆಸರು, ಹಿಂದೆ ಪಿನ್ ಹೊಡೆದಿರೋ ಆಧಾರ್ ಜೆರಾಕ್ಸು, ಕೆಳಗೆ ಸೈನು. ತೀರಿಕೊಂಡೋರದ್ದೂ ಇತ್ತು, ನಂದೂ ಇತ್ತು.

"ಹಳೇದಲ್ವಾ ಸಾರ್, ಯಾರಿಗ್ ಬೇಕು" ಅಂದ್ರು ಸೆಕ್ರೆಟರಿ. ಯಾರಿಗ್ ಬೇಕು ಅಂದ್ರೆ, ಫೋನ್ ಮಾಡಿ ನಮ್ಮ ಹುಟ್ಟಿದ ತಾರೀಖು, ಮನೆ ನಂಬರು ನಮಗೇ ಹೇಳಿ, ಬ್ಯಾಂಕಿನೋರು ಅಂತ ನಂಬಿಸಿ ಓಟಿಪಿ ಕೇಳ್ತಾರಲ್ಲ, ಅವರಿಗೆ ಬೇಕು ಸ್ವಾಮಿ. ನಮ್ಮ ಕ್ಲಬ್ಬಲ್ಲಿ ಮುಕ್ಕಾಲು ಪಾಲು ರಿಟೈರ್ ಆದೋರು, ಪೆನ್ಷನ್ ದುಡ್ಡು ಬ್ಯಾಂಕಲ್ಲಿಟ್ಕೊಂಡಿರೋರು. ದುಡ್ಡು ಹೋದ್ಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೋದು ನಿಜ, ಹೋಗದೆ ಇರೋ ಹಾಗೆ ನೋಡ್ಕೊಳ್ಳೋದು ಯಾರು?

ಪೇಪರ್ ಕತೆ ಇದಾದ್ರೆ ಕಂಪ್ಯೂಟರ್ ಕತೆ ಇನ್ನೂ ಚೆಂದ. ಮೆಂಬರ್ ಲಿಸ್ಟಿನ ಎಕ್ಸೆಲ್ ಫೈಲು ವಾಟ್ಸಾಪ್ ಗ್ರೂಪಲ್ಲಿ ಓಡಾಡುತ್ತೆ, ಮೂರು ವರ್ಷದ ಹಿಂದೆ ಕೆಳಗಿಳಿದ ಖಜಾಂಚಿ ಲ್ಯಾಪ್‌ಟಾಪಲ್ಲೂ ಇದೆ, ಎಲೆಕ್ಷನ್ ಬಂತು ಅಂದ್ರೆ ಎರಡೂ ಪ್ಯಾನೆಲ್‌ನೋರ ಕೈಲೂ ಇರುತ್ತೆ. ಶೀಟ್ ಪ್ರೊಟೆಕ್ಟ್ ಮಾಡಿದೀವಲ್ಲ ಅಂತಾರೆ. ಅದು ತಿದ್ದೋದನ್ನ ತಡೆಯುತ್ತೆ ಅಷ್ಟೇ ಕಣ್ರೀ, ಓದೋದನ್ನಲ್ಲ. ಫೈಲ್ ತೆರೆಯೋಕೇ ಪಾಸ್‌ವರ್ಡ್ ಕೇಳೋ ಹಾಗೆ ಎನ್‌ಕ್ರಿಪ್ಟ್ ಮಾಡ್ಬೇಕು, ಆ ಪಾಸ್‌ವರ್ಡ್‌ನ ಅದೇ ಗ್ರೂಪಲ್ಲಿ ಹಾಕ್ಬಾರದು (ನಮ್ಮಲ್ಲಿ ಹಾಕಿದ್ರು!), ಕಮಿಟಿ ಬದಲಾದ ದಿನವೇ ಅದೂ ಬದಲಾಗ್ಬೇಕು. ಇನ್ನೊಂದು ಕಾಪಿ ಬೇರೆ ಕಡೆ ಭದ್ರವಾಗಿರ್ಲಿ, ಇಲ್ದಿದ್ರೆ ಪೆನ್‌ಡ್ರೈವ್ ಕೆಟ್ಟ ದಿನ ಯಾರು ಲೈಫ್ ಮೆಂಬರ್, ಯಾರು ಚಂದಾ ಬಾಕಿ ಅಂತ ಬಾಯ್ಮಾತಲ್ಲಿ ಜಗಳ ಆಡ್ಬೇಕಾಗುತ್ತೆ.

ಅಸಲಿಗೆ ಶಟಲ್ ಆಡೋಕೆ ಬರೋನ ಆಧಾರ್ ಯಾಕೆ ಬೇಕು? ಬೇಕೇ ಬೇಕು ಅಂದ್ರೆ ಮಾಸ್ಕ್ ಮಾಡಿದ ಆಧಾರ್ ಸಿಗುತ್ತೆ, ಅದ್ರಲ್ಲಿ ಕೊನೇ 4 ಅಂಕಿ ಮಾತ್ರ ಕಾಣುತ್ತೆ, ಆಧಾರ್ ವೆಬ್‌ಸೈಟಲ್ಲೇ ಡೌನ್‌ಲೋಡ್ ಮಾಡ್ಕೋಬೋದು.

2017ರಲ್ಲಿ ಸುಪ್ರೀಂ ಕೋರ್ಟಿನ 9 ಜಡ್ಜುಗಳು ಖಾಸಗಿತನ ಮೂಲಭೂತ ಹಕ್ಕು ಅಂದ್ರಲ್ಲ, ಆ ಕೇಸು ಹಾಕಿದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಮೇಲೆ 2023ರಲ್ಲಿ ಡೇಟಾ ರಕ್ಷಣೆಗೆ ಅಂತಾನೇ ಕಾಯ್ದೆ ಬಂತು, 2025ರ ನವೆಂಬರಲ್ಲಿ ಅದರ ನಿಯಮಗಳೂ ಬಂದ್ವು, ಮುಖ್ಯವಾದವು ಜಾರಿಯಾಗೋಕೆ 18 ತಿಂಗಳ ಟೈಮ್ ಕೊಟ್ಟಿದಾರೆ. ಡೇಟಾನ ಸರಿಯಾಗಿ ಕಾಪಾಡದೆ ಸೋರಿಹೋದ್ರೆ ದಂಡ 250 ಕೋಟಿ ರೂಪಾಯಿವರೆಗೂ ಹಾಕ್ಬೋದು. ಬರೀ ಪೇಪರಲ್ಲಿರೋದು ಈ ಕಾಯ್ದೆಗೆ ಬರಲ್ಲ, ಆದ್ರೆ ಸ್ಕ್ಯಾನ್ ಮಾಡಿದ್ರೆ, ಎಕ್ಸೆಲ್‌ಗೆ ಏರಿಸಿದ್ರೆ ಬಂತು ಅಂತಲೇ ಲೆಕ್ಕ. ಕೆಲಸ ಮುಗಿದ ಡೇಟಾ ಅಳಿಸ್ಬೇಕು ಅಂತಲೂ ಇದೆ, ಅಳಿಸೋದು ಅಂದ್ರೆ ಕೇಜಿ ಲೆಕ್ಕದಲ್ಲಿ ಮಾರೋದಲ್ಲ. ನಮ್ಮ ಮೈಸೂರಲ್ಲಿ ಬಡಾವಣೆಗೊಂದು ಕ್ಲಬ್ಬು, ಸಂಘ, ವಾಕಿಂಗ್ ಗ್ರೂಪು ಇದೆ, ಎಷ್ಟು ಕಡೆ ಬೀರುಗೆ ಬೀಗ ಇದೆಯೋ ಒಂದ್ಸಲ ಹೋಗಿ ನೋಡಿ.

ಅಂದಹಾಗೆ ಅವತ್ತು ಗುಜರಿಯವನಿಗೆ ನೂರು ರೂಪಾಯಿ ಕೊಟ್ಟು ಆ ಕಟ್ಟನ್ನ ನಾನೇ ಬಿಡಿಸ್ಕೊಂಡು ಬಂದೆ. ಈಗಲೂ ನಮ್ಮನೆ ಅಟ್ಟದ ಮೇಲಿದೆ. ಕಮಿಟಿಯೋರು ಬಂದು ಎಣಿಸ್ಕೊಂಡು, ಬೇಕಾದ್ದು ಇಟ್ಕೊಂಡು ಉಳಿದಿದ್ದು ಎದುರಿಗೇ ಚೂರು ಮಾಡ್ಲಿ ಅಂತ ಎರಡು ಸಲ ಹೇಳಿದೀನಿ, ಇನ್ನೂ ಯಾರೂ ಬಂದಿಲ್ಲ, ಮನೆಯವಳು ಮಾತ್ರ ದಿನಾ ಬೈತಾಳೆ.

ಇತಿ,
ಒಬ್ಬ ಹಳೇ ಮೆಂಬರ್
ಕುವೆಂಪುನಗರ, ಮೈಸೂರು