ಹಂಚಿನ ಕಂಟೇನರಿಗೆ ₹1,46,000 ಎಂದು ಹೇಳಿ ₹2,68,000 ಪಡೆದ ಬಗ್ಗೆ ದೂರು

ಮೂಡುಬಿದಿರೆ
10 ಜೂನ್ 2024

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಆಮದು ಸರಕು ಸಾಗಣೆ ವಿಭಾಗ,
ಮಂಗಳೂರು

ವಿಷಯ: ವಿಯೆಟ್ನಾಮಿನಿಂದ ತರಿಸಿದ ಮಣ್ಣಿನ ಹಂಚಿನ ಸಾಗಣೆಗೆ ಒಪ್ಪಿದ ದರಕ್ಕಿಂತ ಹೆಚ್ಚಾಗಿ ವಸೂಲಿ ಮಾಡಿದ ₹1,22,000ರಲ್ಲಿ ₹1,18,500 ಹಿಂತಿರುಗಿಸುವಂತೆ ಕೋರಿ.

ಮಾನ್ಯರೇ,

ಮೇ 6ರಂದು ನಿಮ್ಮ ಕಚೇರಿಯ ಕೌಂಟರಿನಲ್ಲಿ ನಿಂತು ನಾನು ₹1,22,000 ಕಟ್ಟಿದೆ. ಕಟ್ಟದಿದ್ದರೆ ಕಂಟೇನರ್ ಬಿಡಿಸಿಕೊಳ್ಳಲು ಬೇಕಾದ ಡೆಲಿವರಿ ಆರ್ಡರ್ ಕೊಡುವುದಿಲ್ಲ ಎಂದಿರಿ. ಪಣಂಬೂರು ಬಂದರಿನಲ್ಲಿ ನನ್ನ ಕಂಟೇನರಿನ ಬಾಡಿಗೆ ದಿನಕ್ಕೆ ₹4,000ದಂತೆ ಏರುತ್ತಿತ್ತು, ಇಲ್ಲಿ ಮನೆಗೆ ಹಂಚಿನ ಮಾಡು ಇರಲಿಲ್ಲ. ಬೇರೆ ದಾರಿ ಇಲ್ಲದೆ ಕಟ್ಟಿದೆನೇ ಹೊರತು ಒಪ್ಪಿ ಕಟ್ಟಿದ್ದಲ್ಲ. ಅದನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ತಿಳಿಸಿದ್ದೇನೆ. ಉತ್ತರ ಬರಲಿಲ್ಲ. ಆಮೇಲೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ "ಅಕೌಂಟ್ಸ್‌ನವರು ನೋಡ್ತಾ ಇದ್ದಾರೆ" ಎಂದರು. ಏನು ನೋಡಬೇಕು ಎಂಬುದನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ.

ಇದು ವ್ಯಾಪಾರದ ಸರಕಲ್ಲ. ಅಜ್ಜ ಕಟ್ಟಿಸಿದ, ಈಗ ನನ್ನ ತಾಯಿ ಮತ್ತು ನಾವು ವಾಸವಿರುವ ಮನೆಯ ಮಾಡಿಗೆ ಬೇಕಾದ 10,500 ಹಂಚು. ವಿಯೆಟ್ನಾಮಿನ ಹಾಲಾಂಗ್ ಕಡೆಯ ಕಾರ್ಖಾನೆಯದು. ಚದರ ಮೀಟರಿಗೆ 22 ಕೂರುವ ಅಳತೆ, ಒಂದೊಂದು ಸುಮಾರು ಎರಡು ಕಿಲೋ. ಎಲ್ಲ ಸೇರಿ 22 ಟನ್ನಿನಷ್ಟು ತೂಕ, ಇಪ್ಪತ್ತಡಿಯ ಒಂದು ಕಂಟೇನರ್. ಹಂಚಿನ ಬೆಲೆ ₹3,57,000. ಮಾರಿದವರ ಜವಾಬ್ದಾರಿ ಹಾಯ್‌ಫಾಂಗ್ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಮಾತ್ರ. ಅಲ್ಲಿಂದ ನಮ್ಮ ಅಂಗಳದವರೆಗಿನದು ನಿಮ್ಮದು.

ಮಂಗಳೂರಿನವರಾಗಿ ವಿಯೆಟ್ನಾಮಿನಿಂದ ಹಂಚು ತರಿಸುವುದೇ ಎಂದು ನಿಮ್ಮ ಕಚೇರಿಯಲ್ಲೇ ಒಬ್ಬರು ಕೇಳಿದ್ದರು. ನನಗೂ ಅದು ನೋವಿನ ಸಂಗತಿಯೇ. 1865ರಲ್ಲಿ ಬಾಸೆಲ್ ಮಿಶನ್‌ನವರು ನೇತ್ರಾವತಿಯ ದಂಡೆಯಲ್ಲಿ, ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಊರಿದು. ಇಲ್ಲಿನ ಹಂಚು ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಾಕ್ಕೆ ಹೋಗುತ್ತಿತ್ತು. ನಮ್ಮ ಮಾಡಿನಿಂದ ಇಳಿಸಿದ ಹಳೆಯ ಹಂಚಿನ ಬೆನ್ನಿನಲ್ಲೂ ಮಂಗಳೂರಿನ ಮುದ್ರೆಯಿತ್ತು. ಆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಂದೇ ಬಣ್ಣದ, ಒಂದೇ ಅಳತೆಯ, ನೀರು ಕುಡಿಯದ ಹತ್ತು ಸಾವಿರ ಹಂಚನ್ನು ಹೇಳಿದ ದಿನಕ್ಕೆ ಕೊಡುತ್ತೇವೆ ಎನ್ನುವವರು ಹತ್ತಿರದಲ್ಲಿ ಯಾರೂ ನನಗೆ ಸಿಗಲಿಲ್ಲ. ಹೊರದೇಶದಿಂದ ತರಿಸುವಾಗ ಸಾಗಣೆಯ ಖರ್ಚೇ ಮನುಷ್ಯನನ್ನು ಮುಳುಗಿಸುತ್ತದೆ ಎಂದು ಕೇಳಿದ್ದೆ. ಅದಕ್ಕಾಗಿಯೇ ಆರ್ಡರ್ ಕೊಡುವ ಮೊದಲು ನಿಮ್ಮಿಂದ ದರ ಬರೆಯಿಸಿಕೊಂಡೆ.

ಫೆಬ್ರವರಿ 16ರ ನಿಮ್ಮ ಇಮೇಲ್ ನನ್ನ ಮುಂದಿದೆ. ಸಮುದ್ರ ಸಾಗಣೆ, ಎರಡೂ ಬಂದರಿನ ಖರ್ಚು, ಕಾಗದಪತ್ರ, ಕಸ್ಟಮ್ಸ್ ಕ್ಲಿಯರೆನ್ಸ್, ಮನೆಯವರೆಗೆ ಲಾರಿ, "ಎಲ್ಲ ಸೇರಿ ₹1,46,000, ಸರ್ಕಾರದ ಸುಂಕ ಮತ್ತು ತೆರಿಗೆ ಮಾತ್ರ ಪ್ರತ್ಯೇಕ" ಎಂದಿದೆ. ಕೊನೆಯ ಸಾಲಿನಲ್ಲಿ, ಪಣಂಬೂರಿನಲ್ಲಿ ಕಂಟೇನರ್ ಇಳಿದ ಮೇಲೆ 14 ದಿನ ಡಿಟೆನ್ಷನ್, ಅಂದರೆ ಕಂಟೇನರ್ ಹಿಂದಿರುಗಿಸುವವರೆಗಿನ ದಿನಬಾಡಿಗೆ, ಇಲ್ಲ ಎಂದೂ ಇದೆ. ಲೆಕ್ಕ ಹಾಕಿದೆ. ಹಂಚೊಂದಕ್ಕೆ ಸಾಗಣೆ ಹದಿನಾಲ್ಕು ರೂಪಾಯಿ ಬೀಳುತ್ತದೆ, ತಡೆದುಕೊಳ್ಳಬಹುದು ಅನ್ನಿಸಿತು. ಆ ಭರವಸೆಯ ಮೇಲೆ ಹಣ ಕಳಿಸಿದೆ. ನೀವು ಕೊನೆಗೆ ಪಡೆದದ್ದು ₹2,68,000. ಹಂಚೊಂದಕ್ಕೆ ಇಪ್ಪತ್ತೈದೂವರೆ ರೂಪಾಯಿ. ಹಂಚಿನ ಬೆಲೆಯ ಮುಕ್ಕಾಲು ಪಾಲು ಬರೀ ಅದನ್ನು ತಂದದ್ದಕ್ಕೆ ಹೋಯಿತು.

ಹೆಚ್ಚುವರಿ ಬಿಲ್ಲಿನ ಮೊದಲ ಸಾಲೇ "ಕೆಂಪು ಸಮುದ್ರ ತುರ್ತು ಸರ್ಚಾರ್ಜ್, ₹24,500". ಇದನ್ನು ಓದಿ ನಾನು ಮಗನ ಶಾಲೆಯ ಅಟ್ಲಾಸ್ ತೆಗೆದು ನೋಡಿದೆ. ಹಾಯ್‌ಫಾಂಗ್‌ನಿಂದ ಹೊರಟ ಹಡಗು ದಕ್ಷಿಣ ಚೀನಾ ಸಮುದ್ರ ಇಳಿದು, ಮಲಾಕ್ಕಾ ಜಲಸಂಧಿ ದಾಟಿ, ಕೊಲಂಬೊಕ್ಕೆ ಬರುತ್ತದೆ. ಅಲ್ಲಿ ಕಂಟೇನರ್ ಬೇರೆ ಹಡಗಿಗೇರಿ ಪಣಂಬೂರಿಗೆ ಬರುತ್ತದೆ. ನಿಮ್ಮ ಟ್ರ್ಯಾಕಿಂಗ್ ಕಾಗದದಲ್ಲೂ ಇದೇ ದಾರಿ ಇದೆ. ಕೆಂಪು ಸಮುದ್ರ ಇರುವುದು ಅರಬ್ಬೀ ಸಮುದ್ರದ ಆಚೆ, ಏಡನ್ನಿನಿಂದ ಸೂಯೆಜ್ ಕಡೆಗೆ. ನನ್ನ ಹಂಚು ಅದರ ಹತ್ತಿರಕ್ಕೂ ಹೋಗಿಲ್ಲ. ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗುತ್ತಿರುವುದರಿಂದ ಎಲ್ಲ ಕಡೆ ಕಂಟೇನರಿನ ಅಭಾವವಾಗಿ ದರ ಏರಿದೆ ಎಂದು ನಿಮ್ಮವರು ಹೇಳಿದರು. ಅದು ನಿಜವಿರಬಹುದು. ಆದರೆ ಅವು ಹಾಗೆ ಸುತ್ತಲು ಕಾರಣವಾದ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲಿನ ದಾಳಿಗಳು ಶುರುವಾದದ್ದು 2023ರ ನವೆಂಬರಿನಲ್ಲಿ. ನೀವು ನನಗೆ ದರ ಬರೆದುಕೊಟ್ಟದ್ದು ಅದಾಗಿ ಮೂರು ತಿಂಗಳ ಮೇಲೆ. ದಿನಪತ್ರಿಕೆ ಓದುವ ನನಗೇ ಗೊತ್ತಿದ್ದ ಸಂಗತಿ, ಹಡಗಿನ ವ್ಯವಹಾರವನ್ನೇ ಮಾಡುವ ನಿಮಗೆ ಗೊತ್ತಿರಲಿಲ್ಲ ಎಂದರೆ ಹೇಗೆ ನಂಬಲಿ?

ಇದರಲ್ಲೇ ಇನ್ನೊಂದು ಗಂಭೀರ ವಿಷಯವಿದೆ. ಆಮದು ಸುಂಕವನ್ನು ಬರೀ ಸರಕಿನ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ. ಸರಕಿನ ಬೆಲೆ, ವಿಮೆ, ಸಮುದ್ರ ಸಾಗಣೆ ಮೂರೂ ಕೂಡಿದ ಮೊತ್ತದ ಮೇಲೆ ಹಾಕುತ್ತಾರೆ. ಏಪ್ರಿಲ್ 22ರಂದು ನಿಮ್ಮದೇ ಕಸ್ಟಮ್ಸ್ ಬ್ರೋಕರ್ ನನ್ನ ಹೆಸರಿನಲ್ಲಿ ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ಘೋಷಣಾ ಪತ್ರದಲ್ಲಿ, ಅಂದರೆ ಬಿಲ್ ಆಫ್ ಎಂಟ್ರಿಯಲ್ಲಿ, ಸಾಗಣೆಯೆಂದು ತೋರಿಸಿರುವುದು ಹಳೆಯ ದರವನ್ನೇ. ₹24,500 ನಿಜವಾಗಿಯೂ ಸಮುದ್ರ ಸಾಗಣೆಯ ಖರ್ಚಾಗಿದ್ದರೆ ಅದು ಅಲ್ಲಿ ಸೇರಬೇಕಿತ್ತು. ಸೇರಿಲ್ಲವೆಂದರೆ, ಒಂದೋ ಸರ್ಕಾರಕ್ಕೆ ಕೊಟ್ಟ ಲೆಕ್ಕ ತಪ್ಪು, ಇಲ್ಲವೇ ನನಗೆ ಕೊಟ್ಟ ಬಿಲ್ ತಪ್ಪು. ಆ ಕಾಗದ ಇರುವುದು ನನ್ನ ಹೆಸರಿನಲ್ಲಿ, ನಾಳೆ ಕಸ್ಟಮ್ಸ್‌ನವರು ಕೇಳಿದರೆ ಉತ್ತರಿಸಬೇಕಾದವನು ನಾನು. ಎರಡರಲ್ಲಿ ಯಾವುದು ಸರಿ ಎಂದು ನೀವು ಲಿಖಿತವಾಗಿ ತಿಳಿಸಬೇಕು.

ಬಂದರಿನ ಟರ್ಮಿನಲ್ ಖರ್ಚು ₹16,200, ಡೆಲಿವರಿ ಆರ್ಡರ್ ಮತ್ತು ಕಾಗದಪತ್ರಕ್ಕೆ ₹8,200: ಇವೆರಡೂ ಫೆಬ್ರವರಿಯ ದರದಲ್ಲೇ ಸೇರಿದ್ದವು. ಒಂದೇ ಕೆಲಸಕ್ಕೆ ಎರಡು ಸಲ ಹಣ ಪಡೆದಿದ್ದೀರಿ, ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ನನಗೆ ಅತಿ ಹೆಚ್ಚು ನಷ್ಟ ಮಾಡಿದ್ದು ಡಿಟೆನ್ಷನ್. ಹಡಗು ಕೊಲಂಬೊದಲ್ಲಿ ಒಂಬತ್ತು ದಿನ ಕಾಯಬೇಕಾಯಿತು. ಅಲ್ಲಿ ಆಗ ದಟ್ಟಣೆಯಿತ್ತು, ಅದರ ಬಗ್ಗೆ ನನ್ನ ದೂರಿಲ್ಲ. ಕಂಟೇನರ್ ಏಪ್ರಿಲ್ 21ರಂದು ಪಣಂಬೂರಿನಲ್ಲಿ ಇಳಿಯಿತು. 23ರಂದು ನಾನು ಸುಂಕ ಕಟ್ಟಿ ಮುಗಿಸಿದೆ. ಆಮೇಲೆ ಹನ್ನೊಂದು ದಿನ ಕಂಟೇನರ್ ಕದಲಲಿಲ್ಲ. ಕಸ್ಟಮ್ಸ್‌ನವರು ಹಿಡಿದಿದ್ದಾರೆ ಎಂದು ನಿಮ್ಮ ಕಚೇರಿಯಿಂದ ಹೇಳುತ್ತಿದ್ದರು. ಏಪ್ರಿಲ್ 30ರಂದು ನಾನೇ ಬಸ್ಸು ಹತ್ತಿ ಪಣಂಬೂರಿಗೆ ಹೋಗಿ ವಿಚಾರಿಸಿದೆ. ಕಸ್ಟಮ್ಸ್‌ನಲ್ಲಿ ಏನೂ ಬಾಕಿ ಇರಲಿಲ್ಲ. ಹಡಗು ಕಂಪನಿಯ ಕಚೇರಿಯಲ್ಲಿ ಕೇಳಿದಾಗ ಸಂಗತಿ ಹೊರಬಿತ್ತು: ಹಾಯ್‌ಫಾಂಗ್‌ನ ನಿಮ್ಮ ಏಜೆಂಟರಿಗೆ ನಿಮ್ಮಿಂದ ಹಣ ಸಂದಿಲ್ಲ, ಅದಕ್ಕೆ ಅವರು ಹಡಗು ಕಂಪನಿ ಕೊಟ್ಟ ಸರಕು ಪತ್ರ ಮಾಸ್ಟರ್ ಬಿ.ಎಲ್. (ಬಿಲ್ ಆಫ್ ಲೇಡಿಂಗ್) ಬಿಟ್ಟುಕೊಟ್ಟಿಲ್ಲ, ಅದಿಲ್ಲದೆ ಡೆಲಿವರಿ ಆರ್ಡರ್ ಕೊಡುವಂತಿಲ್ಲ. ಹಡಗೇರುವ ಮೊದಲೇ ನಾನು ನಿಮಗೆ ₹1,46,000 ಪೂರ್ತಿ ಕೊಟ್ಟಿದ್ದೆ. ನನ್ನ ಹಣ ನಿಮ್ಮ ಬಳಿ ಇದ್ದೂ ನನ್ನ ಸರಕು ನಿಮ್ಮ ಬಾಕಿಗೆ ಒತ್ತೆಯಾಗಿ ಬಂದರಿನಲ್ಲಿ ಕೂತಿತ್ತು.

ಡೆಲಿವರಿ ಆರ್ಡರ್ ಮೇ 4ರಂದು ನಿಮ್ಮ ಕೈಸೇರಿತು, 6ರಂದು ಹಣ ಕಟ್ಟಿಸಿಕೊಂಡು ನನಗೆ ಕೊಟ್ಟಿರಿ. 8ರಂದು ಹಂಚು ಮನೆಗೆ ಬಂತು, 9ರಂದು ಖಾಲಿ ಕಂಟೇನರ್ ವಾಪಸಾಯಿತು. ಅಂದರೆ ಒಟ್ಟು 19 ದಿನ. ನೀವು ಬರೆದುಕೊಟ್ಟ 14 ದಿನ ಕಳೆದರೆ ಉಳಿಯುವುದು 5. ಆದರೆ 6ರ ಬಿಲ್ಲಿನಲ್ಲೇ, 9ರವರೆಗೆ ಮುಂಗಡವಾಗಿ ಲೆಕ್ಕ ಹಿಡಿದು, 12 ದಿನಕ್ಕೆ ₹48,000 ಹಾಕಿದ್ದೀರಿ. ಯಾಕೆಂದರೆ ಹಡಗು ಕಂಪನಿಯಿಂದ ನೀವು ಪಡೆದದ್ದು 7 ದಿನ ಮಾತ್ರ. ನನಗೆ ಹದಿನಾಲ್ಕು ಎಂದು ಬರೆದು ಅಲ್ಲಿ ಏಳಕ್ಕೆ ಒಪ್ಪಿಕೊಂಡಿರಿ. ಆ ಹನ್ನೊಂದು ದಿನದ ವಿಳಂಬ ಇರದಿದ್ದರೆ ಕಂಟೇನರ್ ಏಪ್ರಿಲ್ 28ಕ್ಕೇ ಹಿಂದಿರುಗುತ್ತಿತ್ತು, ನೀವು ಬರೆದುಕೊಟ್ಟ 14 ದಿನದ ಲೆಕ್ಕದಲ್ಲಿ ಒಂದು ರೂಪಾಯಿ ಡಿಟೆನ್ಷನ್ ಬೀಳುತ್ತಿರಲಿಲ್ಲ. ಬಂದರಿನ ಸ್ಥಳ ಬಾಡಿಗೆ ₹21,600 ಕೂಡ ಇದೇ ಹನ್ನೊಂದು ದಿನದ ಫಲ.

ಈ ದಿನಗಳು ನಿಮ್ಮ ಪುಸ್ತಕದಲ್ಲಿ ಬರೀ ಅಂಕಿಗಳು. ಇಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ಹಡಗು ಏಪ್ರಿಲ್ ಎರಡನೇ ವಾರ ಬರುತ್ತದೆ ಎಂದು ನೀವು ಹೇಳಿದ್ದನ್ನು ನಂಬಿ ಹಳೆಯ ಹಂಚು ಇಳಿಸಿದೆವು. ಗೆದ್ದಲು ಹಿಡಿದ ಪಕ್ಕಾಸು ಬದಲಿಸಿ, ಹೊಸ ಹಂಚಿನ ಅಳತೆಗೆ ಹಂಚು ಕೂರಿಸುವ ಮರದ ರೀಪು ಹೊಡೆಸಿದೆವು. ಆ ರೀಪಿನ ಮೇಲೆ ಹಳೆಯ ಮಂಗಳೂರು ಹಂಚು ಮತ್ತೆ ಕೂರುವುದಿಲ್ಲ. ಮಾಡಿನ ಕೆಲಸದವರು ಹತ್ತು ದಿನ ಕಾದು ಬೇರೆ ಕಡೆಯ ಕೆಲಸ ಹಿಡಿದರು. ಹಂಚು ಬಂದಾಗ ಅವರಿರಲಿಲ್ಲ. ಮತ್ತೆ ಬಂದದ್ದು ಮೇ 27ಕ್ಕೆ. ಮಳೆಗಾಲದ ಹೊಸ್ತಿಲೆಂದು ತುಳುನಾಡಿನಲ್ಲಿ ಎಣಿಸುವ ಪತ್ತನಾಜೆ ಕಳೆದಿತ್ತು, ಮಳೆ ಅದಕ್ಕೂ ಮೊದಲೇ ಬಂದಿತ್ತು. ಒಂದು ರಾತ್ರಿ ಗಾಳಿಗೆ ಟರ್ಪಾಲು ಹಾರಿ ಚಾವಡಿಯ ಮಣ್ಣಿನ ಗೋಡೆಗೆ ನೀರು ಇಳಿಯಿತು. ಎಪ್ಪತ್ತಾರು ವರ್ಷದ ನನ್ನ ತಾಯಿ ಅಕ್ಕಿಯ ಪತ್ತಾಯದ ಮೇಲೆ ತನ್ನ ಹೊದಿಕೆಯನ್ನೇ ಹಾಸಿ, ಅದರ ಮೇಲೆ ಕೊಡೆ ಬಿಡಿಸಿ ಹಿಡಿದು ಬೆಳಗಿನವರೆಗೆ ನಿಂತಿದ್ದರು. ಅಂಗಳದಲ್ಲಿ ಅಟ್ಟಿ ಹಾಕಿದ್ದ ಹೊಸ ಹಂಚು ಮಳೆಯಲ್ಲಿ ತೊಳೆದು ಕೆಂಪಗೆ ಹೊಳೆಯುತ್ತಿತ್ತು. ಬೆರಳಿನಿಂದ ಬಡಿದರೆ ಗಂಟೆಯ ಹಾಗೆ ನಾದ ಕೊಡುವ ಒಳ್ಳೆಯ ಹಂಚು. ಅದು ಹನ್ನೊಂದು ದಿನ ಮೊದಲು ಬಂದಿದ್ದರೆ ಆ ರಾತ್ರಿ ಮಾಡಿನ ಮೇಲಿರುತ್ತಿತ್ತು.

ಗೋಡೆಯ ದುರಸ್ತಿ, ಟರ್ಪಾಲು, ಕೆಲಸದವರು ಕಾದ ದಿನಗಳ ಕೂಲಿ ಇವನ್ನು ಸದ್ಯಕ್ಕೆ ನಾನು ಕೇಳುತ್ತಿಲ್ಲ. ಕಂಟೇನರ್ ತೊಳೆಯುವುದಕ್ಕೆಂದು ಬಿಲ್ಲಿನಲ್ಲಿ ಮುಂಗಡವಾಗಿ ಹಾಕಿದ ₹3,500 ಕೂಡ ಬಿಟ್ಟಿದ್ದೇನೆ. ಹಂಚಿನ ಪುಡಿ ಒಳಗೆಲ್ಲ ಬಿದ್ದದ್ದು ನಿಜ, ಅದು ನಾನೇ ಕೊಡಬೇಕಾದದ್ದು. ಉಳಿದ ₹1,18,500 ನನಗೆ ಹಿಂತಿರುಗಬೇಕು. ಜೊತೆಗೆ ಹಡಗು ಕಂಪನಿ ಮತ್ತು ಬಂದರಿನವರು ನಿಮಗೆ ಕೊಟ್ಟ ಮೂಲ ರಸೀದಿಗಳ ಪ್ರತಿ ಬೇಕು. ಯಾವ ಸಾಲಿನಲ್ಲಿ ಅವರಿಗೆ ಎಷ್ಟು ಹೋಯಿತು, ನೀವು ಎಷ್ಟು ಸೇರಿಸಿದಿರಿ ಎಂಬುದು ಅದರಲ್ಲಿ ತಿಳಿಯುತ್ತದೆ.

ಈ ಪತ್ರ ತಲುಪಿದ 15 ದಿನದೊಳಗೆ ಹಣ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಸ್ವಂತ ವಾಸದ ಮನೆಗೆ ತರಿಸಿದ ಸರಕಾದ್ದರಿಂದ ನಾನು ಆ ಕಾಯ್ದೆಯಡಿ ಗ್ರಾಹಕನೇ. ಆಗ ಗೋಡೆಯ ಖರ್ಚು, ಕೂಲಿ, ಬಡ್ಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸರ್ಚಾರ್ಜ್ ಮತ್ತು ಬಿಲ್ ಆಫ್ ಎಂಟ್ರಿಯ ವ್ಯತ್ಯಾಸವನ್ನು ಪಣಂಬೂರಿನ ಕಸ್ಟಮ್ಸ್ ಕಚೇರಿಗೂ ನಾನೇ ಬರೆದು ತಿಳಿಸಬೇಕಾಗುತ್ತದೆ.

ಇನ್ನೊಂದು ಕೋರಿಕೆ. ಕಾರ್ಕಳದ ನನ್ನ ಸಂಬಂಧಿಕರೊಬ್ಬರು ಇದೇ ಹಂಚಿಗಾಗಿ ಕಳೆದ ವಾರ ನಿಮ್ಮಿಂದ ದರ ಕೇಳಿದ್ದಾರೆ. ಅವರಿಗೂ "ಎಲ್ಲ ಸೇರಿ" ಎಂದೇ ಬರೆದಿದ್ದೀರಿ. ದಯವಿಟ್ಟು ಅವರು ಹಳೆಯ ಹಂಚು ಇಳಿಸುವ ಮೊದಲು ನಿಜವಾದ ಮೊತ್ತವನ್ನೂ, ಹಡಗು ಕಂಪನಿಯಿಂದ ನಿಮಗೆ ಸಿಗುವ ಬಾಡಿಗೆಯಿಲ್ಲದ ದಿನಗಳ ನಿಜವಾದ ಸಂಖ್ಯೆಯನ್ನೂ ಬರೆದು ಕಳಿಸಿ.

ಫೆಬ್ರವರಿ 16ರ ಇಮೇಲ್, ಮೇ 6ರ ಬಿಲ್, ಬಿಲ್ ಆಫ್ ಎಂಟ್ರಿ ಮತ್ತು ನನ್ನ ಆಕ್ಷೇಪಣೆಯ ಪ್ರತಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಹಣವನ್ನು ನಾನು ಪಾವತಿ ಮಾಡಿದ ಅದೇ ಬ್ಯಾಂಕ್ ಖಾತೆಗೆ ಹಾಕಬಹುದು.

ಇಂತಿ,
ಮೂಡುಬಿದಿರೆಯ ನಿಮ್ಮ ಗ್ರಾಹಕ