ಆರು, ಏಳು, ಎಂಟಕ್ಕೆ ಒಬ್ಬೊಬ್ಬ ಶಿಕ್ಷಕರನ್ನು ಕೊಡಿ: ನಮ್ಮ ವಾರ್ಡಿನ ನಗರಸೇವಕರಿಗೊಂದು ಬಹಿರಂಗ ಪತ್ರ

ಮಾನ್ಯ ನಗರಸೇವಕರಿಗೆ ನಮಸ್ಕಾರಗಳು.

ಚುನಾವಣೆಯ ಹೊತ್ತಿನಲ್ಲಿ ನಮ್ಮ ಚಾಳ್‌ಗೆ ಬಂದಾಗ ನೀವು ಕನ್ನಡದಲ್ಲೇ ಮತ ಕೇಳಿದಿರಿ. ಆದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಶಿಕ್ಷಣ ಕಚೇರಿಗೆ ಮರಾಠಿಯಲ್ಲಿ ಕೊಟ್ಟ ನಾಲ್ಕು ಅರ್ಜಿಗಳ ಸ್ವೀಕೃತಿ ಚೀಟಿಗಳು ನನ್ನ ಬಳಿ ಇವೆ. ಒಂದಕ್ಕೂ ಉತ್ತರ ಬಂದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತದೆಂದು ನಿಮಗೆ ಗೊತ್ತಿದೆ. ಆರರಿಂದ ಎಂಟರವರೆಗೆ ತರಗತಿಗೆ ಒಬ್ಬರಾದರೂ ಶಿಕ್ಷಕರಿರಬೇಕು. ಮುಂಬಯಿ ಪಾಲಿಕೆಯ ನಮ್ಮ ಕನ್ನಡ ಶಾಲೆಯಲ್ಲಿ ಒಂದರಿಂದ ಎಂಟರವರೆಗೆ ಸೇರಿ ಇರುವವರೇ ಇಬ್ಬರು. ಅವರಲ್ಲೊಬ್ಬರನ್ನು ಮತದಾರರ ಪಟ್ಟಿಯ ಕೆಲಸಕ್ಕೆ ಕಳುಹಿಸಿದ್ದಾರೆ. ಕಳೆದ ತಿಂಗಳು ಉಳಿದೊಬ್ಬರಿಗೂ ಜ್ವರ ಬಂತು.

ಹೋಟೆಲಿನ ಗಲ್ಲಾ ಮುಚ್ಚಿ ನಾನು ಮನೆ ಸೇರುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಆ ಜ್ವರದ ದಿನಗಳಲ್ಲೊಂದು ರಾತ್ರಿ ಮಗಳು ಎಚ್ಚರವಿದ್ದಳು. ಅವಳ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಇಪ್ಪತ್ತಮೂರು ಮಕ್ಕಳ ಹಾಜರಿ. ಅದರ ಕೆಳಗೆ ಎರಡನೆಯವರಿಗೆ ಕಾಗುಣಿತ, ಮೂರನೆಯವರಿಗೆ ಏಳರ ಮಗ್ಗಿ ಎಂದು ಬರೆದುಕೊಂಡಿದ್ದಳು. ಮೂರು ದಿನ ಏಳನೆಯ ತರಗತಿಯ ಹುಡುಗಿಯೇ ಶಾಲೆ ನಡೆಸಿದ್ದಾಳೆ! ಸೀಮೆಸುಣ್ಣ ಮುಗಿದ ಮೇಲೆ ಹೆಂಚಿನ ಚೂರಿನಿಂದ ಬರೆದಿದ್ದಾಳೆ, ಬೆರಳೆಲ್ಲ ಕೆಂಪು. "ನಾಲ್ಕನೆಯವರ ಭಾಗಾಕಾರ ನನಗೇ ಸರಿಯಾಗಿ ಬರಲಿಲ್ಲ ಅಪ್ಪಾ, ತಪ್ಪು ಕಲಿಸಿದೆನೋ ಏನೋ" ಎಂದಳು. ಅವಳ ವಿಜ್ಞಾನದ ಬಾಲಭಾರತಿ ಪಠ್ಯಪುಸ್ತಕಕ್ಕೆ ಜೂನ್‌ನಲ್ಲಿ ನಾನು ಹಾಕಿಕೊಟ್ಟ ಬೈಂಡು ಮಾಸಿಲ್ಲ, ಒಳಗೆ ಒಂದು ಪುಟವೂ ಮಡಚಿಲ್ಲ.

ಮರುದಿನ ರಜೆ ಹಾಕಿ ಕಚೇರಿಗೆ ಹೋದೆ. ಮಕ್ಕಳು ಕಡಿಮೆ, ಹುದ್ದೆ ಮಂಜೂರಾಗುವುದಿಲ್ಲ, ಬೇಕಿದ್ದರೆ ಹಿಂದಿ ಮಾಧ್ಯಮಕ್ಕೆ ಸೇರಿಸಿ ಎಂದರು. ಮಕ್ಕಳು ಏಕೆ ಕಡಿಮೆಯಾದರು ಸ್ವಾಮಿ? ಕಲಿಸುವವರಿಲ್ಲವೆಂದು ಬಿಟ್ಟುಹೋದರು. ಯಾದಗಿರಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರು ಮಕ್ಕಳನ್ನು ಕರೆತಂದು, ಖಾಲಿ ಕೊಠಡಿ ನೋಡಿ ಹಿಂದಿರುಗಿದ್ದನ್ನು ನಾನೇ ಕಂಡಿದ್ದೇನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿಯನ್ನು ಯಾರ ಮೇಜಿನ ಮುಂದೆ ಹಿಡಿಯಬೇಕು ನಾನು?

ಹಣವಿಲ್ಲ ಎಂಬ ಮಾತನ್ನು ದಯವಿಟ್ಟು ಹೇಳಬೇಡಿ. 2025-26ರ ಬಜೆಟ್‌ನಲ್ಲಿ ಮುಂಬಯಿ ಪಾಲಿಕೆ ಶಿಕ್ಷಣಕ್ಕೆಂದು 3,955 ಕೋಟಿ ರೂಪಾಯಿ ತೆಗೆದಿರಿಸಿತ್ತು. ಬೂಟು, ಚೀಲ, ಸಮವಸ್ತ್ರ ಸೇರಿ 27 ವಸ್ತುಗಳು ಮಕ್ಕಳಿಗೆ ಉಚಿತ. ಮಗಳ ಬೂಟಿಗೆ ನಾನು ಕೈಯಿಂದ ಕೊಟ್ಟಿಲ್ಲ, ಆ ಋಣ ನನಗಿದೆ. ನಿಮ್ಮ ನಿಧಿಯಿಂದ ಗೇಟಿಗೆ ಬಣ್ಣ ಬಂದಿದೆ, ಬೆಂಚುಗಳೂ ಬಂದಿವೆ. ಆದರೆ ಬೆಂಚಿನ ಎದುರು ನಿಲ್ಲಲು ಶಿಕ್ಷಕರು ಬೇಕು. ಅವರ ಸಂಬಳಕ್ಕೆ ಹಣ ಮಂಜೂರು ಮಾಡಿಸಿ.

ನಾನು ಹಗಲು ಲೋಟ ತೊಳೆದು, ಇದೇ ಊರಿನ ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಎಸ್ಸೆಸ್ಸಿ, ಅಂದರೆ ಹತ್ತನೆಯ ತರಗತಿ, ಮುಗಿಸಿದವನು. ದುಡಿದು ದಣಿದು ಬಂದ ನಮ್ಮಂಥ ಹುಡುಗರಿಗೂ ಅಲ್ಲಿ ವಿಷಯಕ್ಕೊಬ್ಬ ಮಾಸ್ತರರಿದ್ದರು. ಹಗಲು ಶಾಲೆಗೆ ಹೋಗುವ ನನ್ನ ಮಗಳಿಗೆ ಇಲ್ಲ. ಇದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ಅರ್ಜಿ ಬರೆಯುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ದೀಪಾವಳಿ ರಜೆ ಮುಗಿದು ಶಾಲೆ ತೆರೆಯುವ ದಿನ ಆರಕ್ಕೆ ಒಬ್ಬರು, ಏಳಕ್ಕೆ ಒಬ್ಬರು, ಎಂಟಕ್ಕೆ ಒಬ್ಬರು ಶಿಕ್ಷಕರಿರಬೇಕು. ಅಂದು ಬೆಳಿಗ್ಗೆ ನಾನು ಗೇಟಿನ ಬಳಿ ಇರುತ್ತೇನೆ. ನೀವೂ ಬನ್ನಿ.

ಇಂತಿ,
ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ
ಮುಂಬಯಿ