ಮಗಳಿಗೊಂದು ಪತ್ರ: ರಾಜ್ಯಸಭೆಗೆ ನಿನ್ನ ಓಟು ಹೋಗುವ ದಾರಿ

ಪ್ರೀತಿಯ ಪುಟ್ಟಿ,

ಲೋಕಸಭೆಗೂ ಓಟು ಹಾಕಿದೆ, ವಿಧಾನಸಭೆಗೂ ಹಾಕಿದೆ, ರಾಜ್ಯಸಭೆಗೆ ಯಾವಾಗ ಹಾಕೋದು ಅಂತ ಕೇಳಿದ್ದೆಯಲ್ಲ. ವಿಧಾನಸಭೆಗೆ ಬಟನ್ ಒತ್ತಿದ ದಿನವೇ ಅದನ್ನೂ ಹಾಕಿ ಬಂದಿದ್ದೀಯ. ಬೂತಿನಲ್ಲಿ ಯಾರೂ ಹಾಗಂತ ಹೇಳುವುದಿಲ್ಲ, ಅಷ್ಟೆ.

ಲೋಕಸಭೆಯ ಲೆಕ್ಕ ಸುಲಭ. 543 ಕ್ಷೇತ್ರ, ಕ್ಷೇತ್ರಕ್ಕೊಬ್ಬರು, ಹೆಚ್ಚು ಓಟು ಬಂದವರು ಗೆದ್ದರು. ಕರ್ನಾಟಕಕ್ಕೆ 28. ಇದರಲ್ಲಿ ಪರಿಶಿಷ್ಟ ಜಾತಿಗೆ ಐದು ಮೀಸಲು, ಪರಿಶಿಷ್ಟ ಪಂಗಡಕ್ಕೆ ಬಳ್ಳಾರಿ, ರಾಯಚೂರು ಎರಡು. ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಅನ್ನುವುದು ಮಾತ್ರ ಇಂದಿನ ಜನಸಂಖ್ಯೆಯ ಮೇಲೆ ನಿಂತಿಲ್ಲ, 1971ರ ಜನಗಣತಿಯ ಮೇಲೆ ನಿಂತಿದೆ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಆ ಹಂಚಿಕೆಯನ್ನು ಅಲ್ಲೇ ನಿಲ್ಲಿಸಿತು. ಜನನ ನಿಯಂತ್ರಣ ಮಾಡಿದ ರಾಜ್ಯ ಅದೇ ಕಾರಣಕ್ಕೆ ಸೀಟು ಕಳೆದುಕೊಳ್ಳಬಾರದು ಅನ್ನುವುದು ಅದರ ಹಿಂದಿನ ವಾದ. ಈಗ ಕ್ಷೇತ್ರ ಮರುವಿಂಗಡಣೆಯ ಜಗಳ ಕೇಳುತ್ತಿದ್ದೀಯಲ್ಲ, ಅದರ ಬೇರು ಇದು.

ರಾಜ್ಯಸಭೆಯಲ್ಲಿ 245 ಮಂದಿ. ಅವರಲ್ಲಿ 12 ಜನರನ್ನು ರಾಷ್ಟ್ರಪತಿ ನಾಮಕರಣ ಮಾಡುತ್ತಾರೆ, ಉಳಿದ 233 ಮಂದಿಯನ್ನು ರಾಜ್ಯಗಳ ಮತ್ತು ವಿಧಾನಸಭೆ ಇರುವ ಕೇಂದ್ರಾಡಳಿತ ಪ್ರದೇಶಗಳ ಶಾಸಕರು ಆರಿಸುತ್ತಾರೆ. ಹೆಸರಿಗೆ ಇದು ರಾಜ್ಯಗಳ ಸಭೆ, ಆದರೆ ರಾಜ್ಯಗಳು ಇಲ್ಲಿ ಸಮಾನರಲ್ಲ. ಉತ್ತರ ಪ್ರದೇಶಕ್ಕೆ 31, ನಮಗೆ 12, ಸಿಕ್ಕಿಮಿಗೆ ಒಂದೇ ಒಂದು. ಈ ಸಭೆ ವಿಸರ್ಜನೆಯಾಗುವುದೂ ಇಲ್ಲ. ಒಬ್ಬ ಸದಸ್ಯನ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಜನ ನಿವೃತ್ತರಾಗುತ್ತಾರೆ. ನಮ್ಮ ಹನ್ನೆರಡು ಸ್ಥಾನ ನಾಲ್ಕು ನಾಲ್ಕರಂತೆ ತೆರವಾಗುತ್ತವೆ. 2018ರಲ್ಲಿ ಜನ ಆರಿಸಿದ ವಿಧಾನಸಭೆ 2022ರಲ್ಲಿ ಕಳಿಸಿದವರ ಅವಧಿ 2028ರ ತನಕ. ಆ ವಿಧಾನಸಭೆಯ ಕಾಲ 2023ಕ್ಕೇ ಮುಗಿದುಹೋಯಿತು. ಮತದಾರರ ಮನಸ್ಸು ಬದಲಾದದ್ದು ರಾಜ್ಯಸಭೆಗೆ ತಡವಾಗಿ ತಲುಪುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ.

ಈಗ ಎಣಿಕೆಗೆ ಬಾ. ಲೆಕ್ಕ ನಿನಗೆ ಇಷ್ಟ, ಪೆನ್ನು ಹಿಡಿದು ಕೂತೇ ಓದು.

ನಾಲ್ಕು ಸ್ಥಾನ, 224 ಶಾಸಕರು. ಒಂದು ಮತಪತ್ರದ ಮೌಲ್ಯ 100, ಒಟ್ಟು 22,400. ಸ್ಥಾನಕ್ಕೆ ಒಂದು ಸೇರಿಸಿ ಐದರಿಂದ ಭಾಗಿಸು: 4,480. ಮತ್ತೊಂದು ಕೂಡಿಸು: 4,481. ಇದು ಗೆಲುವಿನ ಕೋಟಾ. ಅಂದರೆ 45 ಶಾಸಕರ ಮೊದಲ ಪ್ರಾಶಸ್ತ್ಯದ ಮತ ಸಿಕ್ಕವರು ದಾಟಿದರು. ಶಾಸಕ ಒಬ್ಬರ ಮುಂದೆ 1 ಬರೆದು, ಬೇಕಿದ್ದರೆ ಇನ್ನೊಬ್ಬರ ಮುಂದೆ 2, ಮತ್ತೊಬ್ಬರ ಮುಂದೆ 3 ಅಂತ ಬರೆಯುತ್ತಾ ಹೋಗಬಹುದು.

ಮೂರು ಪಕ್ಷ ಅಂದುಕೋ: 'ಅ' ಬಳಿ 120, 'ಬ' ಬಳಿ 72, 'ಕ' ಬಳಿ 32. 'ಅ' ಇಬ್ಬರಿಗೆ ತಲಾ 45 ಹಂಚಿ, ಮಿಕ್ಕ 30ನ್ನು ಮೂರನೆಯವನಿಗೆ ಕೊಡುತ್ತದೆ. 'ಬ' ಒಬ್ಬರಿಗೆ 45, ಎರಡನೆಯವರಿಗೆ 27. 'ಕ' ಎಲ್ಲ 32ನ್ನೂ ತನ್ನ ಒಬ್ಬನಿಗೇ. ಮೂರು ಸ್ಥಾನ ತೀರ್ಮಾನವಾಯಿತು, ನಾಲ್ಕನೆಯದಕ್ಕೆ ಜಗಳ. ಗೆದ್ದವರ ಹೆಚ್ಚುವರಿ ಮೌಲ್ಯ ಎರಡನೇ ಪ್ರಾಶಸ್ತ್ಯದವರಿಗೆ ಹೋಗಬೇಕು. 4,500ರಲ್ಲಿ 4,481 ಕಳೆದರೆ ಉಳಿಯುವುದು 19. ಅದನ್ನು 45 ಪತ್ರಗಳಿಗೆ ಹಂಚಿದರೆ ಒಂದಕ್ಕಿಂತ ಕಡಿಮೆ, ಭಿನ್ನಾಂಶ ಬಿಡಬೇಕೆಂಬುದು ನಿಯಮ. ಹಾಗಾಗಿ ಏನೂ ವರ್ಗವಾಗುವುದಿಲ್ಲ. 46 ಮತ ಕೊಟ್ಟಿದ್ದರೆ 119 ಉಳಿದು, ಪತ್ರಕ್ಕೆ ಎರಡರಂತೆ 92 ಹೋಗುತ್ತಿತ್ತು. ಹೇಗೆ ಹಂಚಿದರೂ 'ಅ' ಪಕ್ಷಕ್ಕೆ ಇಬ್ಬರನ್ನು ಗೆಲ್ಲಿಸಿದ ಮೇಲೆ ಉಳಿಯುವುದು 3,038ಕ್ಕಿಂತ ಹೆಚ್ಚಿಲ್ಲ. 'ಕ' ಕೈಯಲ್ಲಿ 3,200 ಇದೆ.

ಆಮೇಲೆ ಕೊನೆಯಲ್ಲಿರುವ 'ಬ'ದ ಎರಡನೇ ಅಭ್ಯರ್ಥಿ ಹೊರಗೆ. ಅವನ 27 ಪತ್ರಗಳು ಮುಂದಿನ ಪ್ರಾಶಸ್ತ್ಯದತ್ತ ಪೂರ್ತಿ ನೂರು ನೂರು ಮೌಲ್ಯ ಹೊತ್ತು ಹೋಗುತ್ತವೆ. ಅವುಗಳಲ್ಲಿ 2 ಅಂತ ಯಾರ ಮುಂದೆಯೂ ಬರೆದಿಲ್ಲವಾದರೆ ಅವು ಅಲ್ಲಿಗೇ ಮುಗಿದವು, 'ಕ' ಗೆದ್ದಿತು. ಆದರೆ 'ಕ'ದ ಇಬ್ಬರೇ ಇಬ್ಬರು ಶಾಸಕರು ರಾತ್ರೋರಾತ್ರಿ ಮನಸ್ಸು ಬದಲಿಸಿ 'ಅ'ದ ಮೂರನೆಯವನ ಮುಂದೆ 1 ಬರೆದರೆ 32-30 ಉಲ್ಟಾ. ಶಾಸಕರನ್ನು ಬಸ್ಸು ಹತ್ತಿಸಿ ರೆಸಾರ್ಟಿಗೆ ಕರೆದೊಯ್ಯುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಹೀಗೆ ತನ್ನ ಪಕ್ಷ ಬಿಟ್ಟು ಬೇರೆಯವರಿಗೆ ಹಾಕುವ ಅಡ್ಡ ಮತದಾನ ತಡೆಯಲೆಂದೇ 2003ರಲ್ಲಿ ಬಹಿರಂಗ ಮತಪತ್ರ ತಂದರು. ಪಕ್ಷದ ಶಾಸಕ ತನ್ನ ಪಕ್ಷದ ಏಜೆಂಟಿಗೆ ಪತ್ರ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಬೇರೆ ಪಕ್ಷದವರಿಗೆ ತೋರಿಸಿದರೆ ಮತ ಅಸಿಂಧು. ಪಕ್ಷೇತರರು ಯಾರಿಗೂ ತೋರಿಸುವಂತಿಲ್ಲ. ಅಡ್ಡ ಮತ ಹಾಕಿದವನನ್ನು ಪಕ್ಷ ಉಚ್ಚಾಟಿಸಬಹುದು, ಆದರೆ ಅಷ್ಟಕ್ಕೇ ಪಕ್ಷಾಂತರ ನಿಷೇಧ ಕಾಯ್ದೆಯಡಿ ಶಾಸಕ ಸ್ಥಾನ ಹೋಗುವುದಿಲ್ಲ. ಮತ ಕೆಡುವುದು ಸಣ್ಣ ತಪ್ಪುಗಳಿಂದಲೂ: ಚುನಾವಣಾ ಆಯೋಗ ಕೊಟ್ಟ ಪೆನ್ನೇ ಬಳಸಬೇಕು, ಟಿಕ್ ಹಾಕಬಾರದು, ಇಬ್ಬರ ಮುಂದೆ 1 ಬರೆಯಬಾರದು. ಕನ್ನಡದ ೧ ನಡೆಯುತ್ತದೆ, 'ಒಂದು' ಅಂತ ಅಕ್ಷರದಲ್ಲಿ ಬರೆದರೆ ನಡೆಯುವುದಿಲ್ಲ.

ಅದೇ ವರ್ಷ ಇನ್ನೊಂದು ಬದಲಾವಣೆಯೂ ಆಯಿತು. ಅಭ್ಯರ್ಥಿ ಅದೇ ರಾಜ್ಯದ ಮತದಾರನಾಗಿರಬೇಕು ಅನ್ನುವ ಷರತ್ತು ತೆಗೆದರು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನನಗಿದು ಒಪ್ಪಿಗೆಯಿಲ್ಲ. ಕಾವೇರಿಯ ನೀರು ಕುಡಿಯದವರು ನಮ್ಮ ಹನ್ನೆರಡರಲ್ಲಿ ಒಬ್ಬರಾಗಬಹುದಾದರೆ 'ರಾಜ್ಯ' ಅನ್ನುವ ಮಾತು ಸಭೆಯ ಹೆಸರಿನಲ್ಲಿ ಯಾಕಿರಬೇಕು?

ಎರಡು ಸದನಗಳಲ್ಲಿ ಯಾವುದು ದೊಡ್ಡದು? ಸರ್ಕಾರ ಉಳಿಯುವುದು, ಬೀಳುವುದು ಲೋಕಸಭೆಯಲ್ಲಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದ ಮೇಲೆ ಸಂಸತ್ತಿಗೆ ಬಂದದ್ದು ಕರ್ನಾಟಕದಿಂದ ರಾಜ್ಯಸಭೆಗೆ. 1997ರ ಏಪ್ರಿಲ್‌ನಲ್ಲಿ ವಿಶ್ವಾಸಮತ ಕೇಳಿದಾಗ ಲೋಕಸಭೆಯಲ್ಲಿ ಮಾತಾಡುವ ಹಕ್ಕು ಅವರಿಗಿತ್ತು, ತಮ್ಮದೇ ಸರ್ಕಾರಕ್ಕೆ ಮತ ಹಾಕುವ ಹಕ್ಕಿರಲಿಲ್ಲ. ತೆರಿಗೆ, ಸರ್ಕಾರದ ಖರ್ಚಿನಂಥ ವಿಷಯದ ಧನ ಮಸೂದೆಯನ್ನು ರಾಜ್ಯಸಭೆ 14 ದಿನದಲ್ಲಿ ಹಿಂದಿರುಗಿಸಬೇಕು, ಅದರ ಸಲಹೆಯನ್ನು ಲೋಕಸಭೆ ಕೈಬಿಡಬಹುದು. ಸಾಧಾರಣ ಮಸೂದೆಯ ಮೇಲೆ ಸದನಗಳು ಒಪ್ಪದೆ ಗಂಟು ಬಿದ್ದರೆ ಎರಡೂ ಒಟ್ಟಿಗೆ ಕೂರುವ ಜಂಟಿ ಅಧಿವೇಶನ. ಅಲ್ಲಿ 543ರ ಮುಂದೆ 245 ಸೋಲುವುದೇ ಹೆಚ್ಚು. ಇದುವರೆಗೆ ಹಾಗೆ ತೀರ್ಮಾನವಾದ ಮಸೂದೆ ಮೂರೇ: 1961ರ ವರದಕ್ಷಿಣೆ ನಿಷೇಧ, 1978ರ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರ ಭಯೋತ್ಪಾದನೆ ತಡೆ ಕಾಯ್ದೆ ಪೋಟಾ.

ಸಂವಿಧಾನ ತಿದ್ದುಪಡಿಗೆ ಮಾತ್ರ ಈ ದಾರಿಯಿಲ್ಲ. ಎರಡೂ ಸದನದಲ್ಲಿ ಬೇರೆಬೇರೆಯಾಗಿ ಮೂರನೇ ಎರಡರಷ್ಟು ಬೇಕು. 1970ರಲ್ಲಿ ರಾಜರುಗಳ ರಾಜಧನ, ಅಂದರೆ ಮಾಜಿ ರಾಜರಿಗೆ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ಹಣ, ರದ್ದು ಮಾಡುವ ತಿದ್ದುಪಡಿ ಲೋಕಸಭೆ ದಾಟಿ ರಾಜ್ಯಸಭೆಗೆ ಬಂತು. ಪರ 149, ವಿರುದ್ಧ 75. 224ರಲ್ಲಿ ಮೂರನೇ ಎರಡು ಅಂದರೆ 149.33. ಒಂದು ಮತಕ್ಕೂ ಕಡಿಮೆ ಕೊರತೆಗೆ ತಿದ್ದುಪಡಿ ಬಿದ್ದಿತು. ಚುನಾವಣೆ ನಡೆದು ಹೊಸ ಲೋಕಸಭೆ ಬಂದ ಮೇಲೆ, 1971ರಲ್ಲಿ 26ನೇ ತಿದ್ದುಪಡಿಯಾಗಿ ಮತ್ತೆ ತರಬೇಕಾಯಿತು.

ಇನ್ನು ನಿನ್ನ ಕೊನೆಯ ಪ್ರಶ್ನೆ, ನಾನೇ ನಿಲ್ಲಬೇಕೆಂದರೆ ಏನು ಬೇಕು ಅಂತ. ತಮಾಷೆಗೆ ಕೇಳಿದ್ದರೂ ಉತ್ತರ ಕೊಡುತ್ತೇನೆ. ಲೋಕಸಭೆಗೆ ನಿಲ್ಲಲು 25 ತುಂಬಿರಬೇಕು, 25,000 ರೂಪಾಯಿ ಠೇವಣಿ. ರಾಜ್ಯಸಭೆಗೆ 30 ತುಂಬಿರಬೇಕು, ಠೇವಣಿ 10,000. ಆದರೆ ಕರ್ನಾಟಕದಲ್ಲಿ ಹತ್ತು ಶಾಸಕರು ಸೂಚಕರಾಗಿ ಸಹಿ ಹಾಕಬೇಕು. ಮೊದಲು ಆ ಹತ್ತು ಜನರನ್ನು ಹುಡುಕು.

ನಿನ್ನ,
ಅಮ್ಮ